ಮೂರು ಪದದ ಕಲಾವಿದ

ಮನೆಯವರು ಯಾವ ಕಾಲಕ್ಕೂ ನಂಬದ ಒಂದು ನಿಜ ಪ್ರತಿಯೊಬ್ಬ ಗಂಡಸಿನ ಹತ್ತಿರವೂ ಇರುತ್ತದೆ. ಒಬ್ಬರು ಕಾಲೇಜಿನಲ್ಲಿ ಓಟಕ್ಕೆ ಮೊದಲ ಬಹುಮಾನ ಗೆದ್ದಿರುತ್ತಾರೆ, ಇನ್ನೊಬ್ಬರ ಹೆಗಲ ಮೇಲೆ ಯಾರೋ ಮಂತ್ರಿ ಕೈ ಹಾಕಿರುತ್ತಾರೆ. ನನ್ನ ನಿಜ ಇಷ್ಟೆ: ನಾನು ಒಂದು ಕನ್ನಡ ಸಿನಿಮಾದಲ್ಲಿ ಮಾತಾಡಿದ್ದೇನೆ. ಮುಖ ತೋರಿಸಿಲ್ಲ, ಬರೀ ಮಾತು. ಮದುವೆಯಾದ ಮೂರನೆಯ ದಿನ ಇದನ್ನು ಹೆಂಡತಿ ರುಕ್ಮಿಣಿಗೆ ಹೇಳಿದೆ. “ಹೌದಾ?” ಅಂದಳು. ಆ “ಹೌದಾ”ದ ಧಾಟಿ ನಲವತ್ತೈದು ವರ್ಷವಾದರೂ ಬದಲಾಗಿರಲಿಲ್ಲ.

ಆಗ ಕನ್ನಡ ಸಿನಿಮಾಗಳು ಬಹಳಷ್ಟು ಇಲ್ಲೇ, ಮದ್ರಾಸಿನ ಸ್ಟುಡಿಯೋಗಳಲ್ಲೇ ತಯಾರಾಗುತ್ತಿದ್ದವು. ಸಂತೆಯ ದೃಶ್ಯ ಬಂದರೆ ಗುಂಪಿನಲ್ಲಿ ನಿಲ್ಲುತ್ತಿದ್ದವರು ತಮಿಳರು. ಅವರು ಸುಮ್ಮನೆ ಬಾಯಿ ಆಡಿಸುತ್ತಿದ್ದರು. ಆಮೇಲೆ ಕನ್ನಡ ಬಲ್ಲವರು ಕತ್ತಲ ಕೋಣೆಯಲ್ಲಿ ನಿಂತು ಆ ಬಾಯಿಗಳಿಗೆ ದನಿ ಕೊಡಬೇಕಿತ್ತು. ನನಗೆ ಇಪ್ಪತ್ತೆರಡು, ವಿಮಾ ಕಚೇರಿಯಲ್ಲಿ ಹೊಸ ಗುಮಾಸ್ತೆ. ಕನ್ನಡ ಸಂಘದ ನಾಟಕದಲ್ಲಿ ನನ್ನ ಗಂಟಲು ಕೇಳಿದ್ದ ಯಾರೋ ಒಂದು ಶನಿವಾರ ಕರೆದೊಯ್ದರು. ಸಂತೆಯಲ್ಲಿ ನಾಯಕಿಯ ಅಪ್ಪ ದಿಢೀರನೆ ಮೂರ್ಛೆ ಹೋಗುತ್ತಾರೆ. ಗುಂಪಿನಲ್ಲೊಬ್ಬ “ಯಾರಾದ್ರೂ ನೀರು ತನ್ನಿ!” ಎಂದು ಕೂಗುತ್ತಾನೆ. ಮೂರೇ ಪದ. ಒಂದೇ ಸಲಕ್ಕೆ ಮುಗಿಸಿದೆ. ನಿರ್ದೇಶಕರು ಕಾಫಿಗೆ ಹೋಗಿದ್ದರು. ಗಾಜಿನಾಚೆ ಶಬ್ದ ಮುದ್ರಿಸುತ್ತಿದ್ದ ತಮಿಳರು ಹೆಬ್ಬೆರಳೆತ್ತಿ “ಪ್ರಮಾದಂ!” ಅಂದರು. ತಮಿಳಿನಲ್ಲಿ ಹಾಗೆಂದರೆ ಅದ್ಭುತ. ಕನ್ನಡದ ಅರ್ಥ ನಿಮಗೆ ಗೊತ್ತೇ ಇದೆ, ನನಗೆ ಆಗ ನೆನಪಾಗಲಿಲ್ಲ.

ಆ ಸಿನಿಮಾದ ಹೆಸರನ್ನು ನಾನು ಹೇಳುವುದಿಲ್ಲ. ಹೇಳಿದರೆ ನೀವು ಹುಡುಕಿ ನೋಡಿಬಿಡುತ್ತೀರಿ. ಅದು ಮದ್ರಾಸಿಗೆ ಬರಲೇ ಇಲ್ಲ. ನಾನು ರಜೆ ಹಾಕಿ ಮೈಸೂರಿಗೆ ಓಡುವಷ್ಟರಲ್ಲಿ ಅದರ ಪೋಸ್ಟರಿನ ಮೇಲೆ ಬೇರೆ ಪೋಸ್ಟರು ಅಂಟಿಸಿಯಾಗಿತ್ತು. ಆಮೇಲೆ ಎಷ್ಟೋ ವರ್ಷ ಪಲ್ಲಾವರಂನ ಶುಕ್ರವಾರದ ಸಂತೆಯಲ್ಲಿ ಹಳೆಯ ಕ್ಯಾಸೆಟ್ಟುಗಳ ರಾಶಿ ಕೆದಕಿದೆ. ಒಮ್ಮೆ ಅದೇ ಹೆಸರಿನ ಚೀಟಿ ಅಂಟಿಸಿದ್ದ ಕ್ಯಾಸೆಟ್ಟು ಸಿಕ್ಕಿ, ಓಡೋಡಿ ಮನೆಗೆ ತಂದು ಹಾಕಿದರೆ ಒಳಗಿದ್ದದ್ದು ಯಾರದೋ ಮದುವೆ. ರುಕ್ಮಿಣಿ ಧಾರೆಯಿಂದ ಊಟದವರೆಗೂ ಕೂತು ನೋಡಿದಳು. “ನಿಮ್ಮ ಸಿನಿಮಾ ರೊಂಬ ಚೆನ್ನಾಗಿದೇರೀ” ಅಂದಳು. “ರೊಂಬ ಅಲ್ಲ, ತುಂಬ” ಎಂದು ತಿದ್ದಿದೆ. ಸೋತ ಹೊತ್ತಿನಲ್ಲೂ ನಾನು ತಿದ್ದುವುದನ್ನು ಬಿಟ್ಟವನಲ್ಲ. ಮದ್ರಾಸಿನಲ್ಲಿದ್ದೂ ಒಂದು ತಮಿಳು ಪದ ಬೆರೆಸದೆ ಕನ್ನಡ ಆಡುತ್ತೇನೆಂಬುದು ನನ್ನ ಜಂಬ. ಅದಕ್ಕೆ ಆಧಾರವೂ ಆ ಸಿನಿಮಾವೇ. “ನನ್ನ ಕನ್ನಡ ಪರದೆ ಮೇಲೆ ಬಂದಿದೆ” ಎನ್ನುತ್ತಿದ್ದೆ.

ಕಡೆಗೂ ಅದನ್ನು ಪತ್ತೆ ಹಚ್ಚಿದವಳು ಮೊಮ್ಮಗಳು ಅಂಜನಾ. ಕಾಲೇಜಿನ ಎರಡನೇ ವರ್ಷ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ. ಎಲ್ಲರೂ ನೋಡಿ ಹೊಗಳಿದ ಸಿನಿಮಾ ಅವಳಿಗೆ ಬೇಡ. ಹೆತ್ತವರೂ ಮರೆತ ಸಿನಿಮಾಗಳು ಬೇಕು. ಯಾರೋ ಪುಣ್ಯಾತ್ಮರು ಇಂಥವನ್ನೆಲ್ಲ ಯೂಟ್ಯೂಬಿಗೆ ಹಾಕಿದ್ದಾರೆ. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ನಾವಿಬ್ಬರೂ ಟೀವಿ ಮುಂದೆ ಕೂತರೆ ಲೋಕವೇ ಮರೆತುಹೋಗುತ್ತದೆ. ಬಟ್ಟೆಯ ಮೇಲೆ ಬರೆದ ಚಂದ್ರ ಗಾಳಿಗೆ ಅಲುಗಾಡುತ್ತಾನೆ. ಗುಂಡೇಟು ತಿಂದವನು ಎರಡು ಚರಣ ಹಾಡಿಯೇ ಪ್ರಾಣ ಬಿಡುತ್ತಾನೆ. ನಗುತ್ತಾ ನೋಡಲು ಶುರುಮಾಡಿ, ಆ ಎರಡನೆಯ ಚರಣಕ್ಕೆ ಇಬ್ಬರೂ ಕಣ್ಣೊರೆಸಿಕೊಂಡಿದ್ದೇವೆ. ಇಷ್ಟು ಜನ ಇಷ್ಟು ಕಷ್ಟಪಟ್ಟು ಮಾಡಿದ್ದನ್ನು ಯಾರೂ ನೋಡಲಿಲ್ಲವಲ್ಲ ಎಂದು ನನಗೆ ನಿಜವಾಗಿಯೂ ಸಂಕಟವಾಗುತ್ತದೆ.

ಹೋದ ತಿಂಗಳು ಅವಳು ಫೋನು ಹಿಡಿದು ಓಡಿಬಂದಳು. “ತಾತಾ, ಇದುದಾನಾ ಉಂಗ ಪಡಂ?” ಹೌದು, ಅದೇ ನನ್ನ ಸಿನಿಮಾ! ಮುಂದಿನ ಭಾನುವಾರವೇ ಪ್ರದರ್ಶನ ಎಂದು ಘೋಷಿಸಿದೆ. ರುಕ್ಮಿಣಿ ಕೆಳಗಿನ ಮನೆಯ ಜಾನಕಿ ಮಾಮಿಯನ್ನೂ ಕರೆದಳು. ಮಾಮಿಗೆ ಕನ್ನಡದ ಒಂದಕ್ಷರ ಬಾರದು. ನೀರಿನ ಬಾಟಲಿ ಹಿಡಿದು ಬಂದು ಕೂತು, ಎರಡನೆಯ ಹಾಡಿಗೆ ನಿದ್ದೆ ಹೋದರು.

ಸಂತೆ ಬಂತು. ನಾಯಕಿಯ ಅಪ್ಪ ಎದೆ ಹಿಡಿದುಕೊಂಡು ಬಿದ್ದರು. ನಾನು ಕುರ್ಚಿಯ ತುದಿಗೆ ಬಂದೆ. ಪರದೆಯ ಮೇಲೆ ಯಾರೋ ಮೀಸೆಯವನು ಬಾಯಿ ತೆರೆದ. ನನ್ನ ಕಂಠ ಖಣಿಲ್ಲೆಂದು ಹೊಮ್ಮಿತು:

“ಯಾರಾದ್ರೂ ತಣ್ಣಿ ತನ್ನಿ!”

ಮಾಮಿ ಧಡಕ್ಕನೆ ಎದ್ದು “ಇಂದಾಂಗೋ” ಎಂದು ಬಾಟಲಿಯನ್ನು ನನ್ನ ಕೈಗಿತ್ತರು. ಅವರದೇನು ತಪ್ಪು? ತಮಿಳಿನಲ್ಲಿ ನೀರಿಗೆ ತಣ್ಣಿ ಅನ್ನುತ್ತಾರೆ. “ತನ್ನಿ” ಎನ್ನಲು ಹೊರಟ ನಾಲಿಗೆ ಒಂದು ಪದ ಮೊದಲೇ ಜಾರಿ “ನೀರು” ಇದ್ದ ಕಡೆ “ತಣ್ಣಿ”ಯನ್ನು ಕೂರಿಸಿತ್ತು. ಗಾಜಿನಾಚೆಯ ಆ ಪುಣ್ಯಾತ್ಮರಿಗೆ ಇಡೀ ದಿನದಲ್ಲಿ ಅರ್ಥವಾದ ಪದ ಅದೊಂದೇ ಇದ್ದಿರಬೇಕು. ಅವರ “ಪ್ರಮಾದಂ” ನನಗೆ ಈಗ ಎರಡೂ ಭಾಷೆಯಲ್ಲಿ ತಿಳಿಯಿತು.

ಅಂಜನಾ ನಾಲ್ಕು ಸಲ ಹಿಂದಕ್ಕೆ ಓಡಿಸಿ ಹಾಕಿದಳು. ರುಕ್ಮಿಣಿ ಸೆರಗಿನಲ್ಲಿ ಕಣ್ಣೊರೆಸಿಕೊಂಡು, “ನಲವತ್ತೈದು ವರ್ಷ ತಿದ್ದಿ ತಿದ್ದಿ ನನ್ನ ಪ್ರಾಣ ತಿಂದ್ರಲ್ರೀ!” ಎಂದು ನಕ್ಕಳು. ಮೊದಲ ಮೂರು ಸಲ ನನಗೆ ಭೂಮಿ ಬಾಯಿಬಿಡಬಾರದೇ ಎನಿಸಿತು. ನಾಲ್ಕನೆಯ ಸಲ ಪದ ಕೇಳಿಸಲಿಲ್ಲ, ದನಿಯಷ್ಟೇ ಕೇಳಿಸಿತು. ಕೆಮ್ಮಿಲ್ಲದ, ಸಂಕೋಚವಿಲ್ಲದ, ಯಾರದೋ ಅಪ್ಪನಿಗಾಗಿ ತನ್ನ ಪ್ರಾಣವೇ ಹೋಗುವಂತೆ ಕೂಗುವ ಇಪ್ಪತ್ತೆರಡರ ಹುಡುಗ. ಅವನು ನನಗೆ ಬಹಳ ಇಷ್ಟವಾದ. ನಾನೂ ಹೊಟ್ಟೆ ಹಿಡಿದು ನಕ್ಕೆ. ಏನಾದರಾಗಲಿ, ನಾನು ಸಿನಿಮಾದಲ್ಲಿ ಮಾತಾಡಿದ್ದನ್ನು ಮನೆ ನಂಬಿತಲ್ಲ!

ಸುಮ್ಮನಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಸಿನಿಮಾದ ಕೆಳಗೆ ಒಬ್ಬ ಮಹಾಶಯರು ಬರೆದಿದ್ದರು: “ಕನ್ನಡ ಬಾರದ ತಮಿಳರಿಂದ ಮಾತಾಡಿಸಿ ಒಳ್ಳೆಯ ದೃಶ್ಯ ಹಾಳು ಮಾಡಿದ್ದಾರೆ.” ನನಗೆ ತಡೆಯಲಾಗಲಿಲ್ಲ. ನನ್ನ ತಪ್ಪಿಗೆ ಪಾಪ ತಮಿಳರೇಕೆ ಬೈಗುಳ ತಿನ್ನಬೇಕು? ಅಂಜನಾಳ ಕೈಲಿ ಟೈಪು ಮಾಡಿಸಿದೆ: “ಸ್ವಾಮಿ, ಆ ದನಿ ನನ್ನದು. ನಾನು ಮೈಸೂರು ಕಡೆಯ ಅಚ್ಚ ಕನ್ನಡಿಗ. ಬಾಯಿ ತಪ್ಪಿ ಬಂದದ್ದು, ಕ್ಷಮಿಸಿ.”

ಅರ್ಧ ಗಂಟೆಯಲ್ಲಿ ಉತ್ತರ ಬಂತು: “ಸುಳ್ಳು ಹೇಳಬೇಡಿ ಸಾರ್. ಕನ್ನಡಿಗರ ಬಾಯಲ್ಲಿ ಅಂಥ ‘ಣ್ಣಿ’ ಹೊರಡುವುದೇ ಇಲ್ಲ.”

ಆ ಉತ್ತರಕ್ಕೆ ಆಗಲೇ ಎರಡು ಲೈಕು ಬಿದ್ದಿದ್ದವು. ಒಂದು ಯಾರದೋ. ಇನ್ನೊಂದನ್ನು ಒತ್ತಿದವಳು ನನ್ನೆದುರೇ ಕೂತು ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. ನಾನು ಆ ದೃಶ್ಯವನ್ನು ಐದನೆಯ ಸಲ ಹಾಕಿಸಿ, ಕಣ್ಣು ಮುಚ್ಚಿ, ಆ “ಣ್ಣಿ”ಯನ್ನು ಗಮನವಿಟ್ಟು ಕೇಳಿದೆ. ಮೂರನೆಯ ಲೈಕನ್ನು ನಾನೇ ಒತ್ತಿದೆ.