ಹೊಟ್ಟೆ ವಿಚಾರಕ್ಕೆ ಹೂ ಕೇಳಿದ್ದು

ಉಪವಾಸ ಮಾಡಿ ಮಾಡಿ ದಪ್ಪ ಆದವರು ಈ ಭೂಮಿ ಮೇಲೆ ಯಾರಾದರೂ ಇದ್ದರೆ ಅದು ನಾನೇ ಇರಬೇಕು. ಇದನ್ನು ಹೆಮ್ಮೆಯಿಂದ ಹೇಳುತ್ತಿಲ್ಲ, ಹಾಗಂತ ನಾಚಿಕೆಯಿಂದಲೂ ಅಲ್ಲ; ಇದ್ದದ್ದು ಇದ್ದ ಹಾಗೆ ಹೇಳುತ್ತಿದ್ದೇನೆ. ಸೋಮವಾರ ಈಶ್ವರನಿಗೆ, ಗುರುವಾರ ರಾಯರಿಗೆ, ಶುಕ್ರವಾರ ಅಮ್ಮನವರಿಗೆ, ಶನಿವಾರ ಆಂಜನೇಯನಿಗೆ. ಇದರ ಮೇಲೆ ಸಂಕಷ್ಟಿ, ಏಕಾದಶಿ ಬೇರೆ. ಉಪವಾಸ ಅಂದರೆ ನಮ್ಮ ಕಡೆ ಅನ್ನ ಮುಟ್ಟುವುದಿಲ್ಲ, ಅಷ್ಟೇ. ಅನ್ನ ಮುಟ್ಟದವಳು ಇನ್ನೇನನ್ನಾದರೂ ಮುಟ್ಟಲೇಬೇಕಲ್ಲ. ಹಾಗಾಗಿ ಒಗ್ಗರಣೆ ಅವಲಕ್ಕಿ, ತುಪ್ಪ ಸ್ವಲ್ಪ ಕೈತಪ್ಪಿ ಬಿದ್ದ ಉಪ್ಪಿಟ್ಟು, ಬೇಯಿಸಿದ ಗೆಣಸು, ಕಡಲೆಬೀಜದ ಉಂಡೆ, ಬಾಳೆಹಣ್ಣಿನ ರಸಾಯನ. ಉಳಿದ ದಿನಗಳಲ್ಲಿ ಉಪವಾಸದ ಸುಸ್ತು ಕಳೆಯಲಿ ಅಂತ ಹೊಟ್ಟೆ ತುಂಬ ಊಟ. ನಮ್ಮನೆಯವರು ಜನ್ಮದಲ್ಲಿ ಒಂದು ಒಪ್ಪತ್ತು ಮಾಡಿದವರಲ್ಲ. ಮೂರು ಹೊತ್ತೂ ಅನ್ನ ಉಂಡು, ಮದುವೆಯ ದಿನ ಹೇಗಿದ್ದರೋ ಈಗಲೂ ಹಾಗೇ ಕಡ್ಡಿಯಂತೆ ಓಡಾಡಿಕೊಂಡಿದ್ದಾರೆ. ಪುಣ್ಯ ಎಲ್ಲಾ ನನಗೆ ಬಂತು, ಅದು ಬಂದು ಎಲ್ಲಿ ಕೂತುಕೊಂಡಿತು ಅನ್ನೋದೇ ತೊಂದರೆ.

ದಪ್ಪ ಇದ್ದೇನೆ ಅಂತ ನಾನು ಎಂದೂ ಕೊರಗಿದವಳಲ್ಲ. ವಿಜಯನಗರದ ಆಟೋದವರು ‘ಆಂಟಿ, ಒಂಚೂರು ಮಧ್ಯಕ್ಕೆ ಬನ್ನಿ, ಗಾಡಿ ಎಳೀತಿದೆ’ ಅಂದಾಗಲೂ ನಗುತ್ತಲೇ ಮಧ್ಯಕ್ಕೆ ಸರಿದಿದ್ದೇನೆ. ಆದರೆ ರಂಗೋಲಿ ಕೈಬಿಟ್ಟು ಹೋದಾಗ ಮಾತ್ರ ತಡೆಯಲಾಗಲಿಲ್ಲ. ನಾನು ಈ ಮನೆಗೆ ಸೊಸೆಯಾಗಿ ಬಂದಾಗ ನಮ್ಮತ್ತೆ ನನ್ನ ಸಾರಿಗೆ, ಮಾತಿಗೆ, ನಡಿಗೆಗೆ, ಎಲ್ಲಕ್ಕೂ ಹೆಸರಿಟ್ಟರು. ರಂಗೋಲಿಗೆ ಮಾತ್ರ ಬಾಯಿ ಬಿಡಲಿಲ್ಲ. ಹಬ್ಬದ ದಿನ ನಮ್ಮ ಮನೆ ಮುಂದೆ ಸ್ಕೂಟರಿನವರು ಇಳಿದು ತಳ್ಳಿಕೊಂಡು ಪಕ್ಕದಲ್ಲಿ ಹೋಗುತ್ತಿದ್ದರು. ಈಗ ಬಗ್ಗಿದರೆ ಉಸಿರು ಕಟ್ಟುತ್ತದೆ. ಕುಕ್ಕರುಗಾಲಲ್ಲಿ ಕೂತರೆ ಎಬ್ಬಿಸುವುದಕ್ಕೆ ಜನ ಕೂಗಬೇಕು. ನನ್ನ ಅವಸ್ಥೆ ನೋಡಲಾರದೆ ನಮ್ಮನೆಯವರು ಒಂದು ದಿನ ಮಾರೇನಹಳ್ಳಿಯಿಂದ ಸ್ಟಿಕ್ಕರ್ ರಂಗೋಲಿ ತಂದು ಗೇಟಿನ ಮುಂದೆ ಅಂಟಿಸಿದರು. ಪಾಪ, ಒಳ್ಳೇದಕ್ಕೇ ತಂದಿದ್ದು. ಅದನ್ನು ನೋಡಿ ನಾನು ಅಡುಗೆಮನೆಗೆ ಹೋಗಿ ಅತ್ತುಬಿಟ್ಟೆ.

ಅದನ್ನು ಮಹಡಿ ಮೇಲಿನ ಬಾಡಿಗೆಯವಳು ಕಂಡಳು. ಹೆಸರು ಶಿವಲೀಲಾ, ಬಾಗಲಕೋಟೆ ಕಡೆಯವಳು, ಗಂಡ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸದಲ್ಲಿದ್ದಾನೆ. ಮಾರನೇ ದಿನದಿಂದ ಅವಳೇ ಕೆಳಗಿಳಿದು ಬಂದು ಸ್ಟಿಕ್ಕರ್ ಕಿತ್ತು, ನೀರು ಹಾಕಿ ರಂಗೋಲಿ ಇಡತೊಡಗಿದಳು. ‘ನಾ ಇರೂತನಾ ನೀವ್ಯಾಕ ಬಗ್ಗತೀರಿ ಆಂಟಿ’ ಅಂದಳು. ಒಳ್ಳೇ ಹುಡುಗಿ. ಚೆನ್ನಾಗೇ ಇಡುತ್ತಾಳೆ. ಅದೇ ನನ್ನ ಸಂಕಟ. ಬರುವ ಸಂಕ್ರಾಂತಿಗಾದರೂ ನನ್ನ ಮನೆ ಮುಂದೆ ನಾನೇ ಬಗ್ಗಿ ರಂಗೋಲಿ ಇಡಬೇಕು ಅಂತ ಹಟ ಹುಟ್ಟಿದ್ದು ಆಗಲೇ.

ಬಸವೇಶ್ವರನಗರದಲ್ಲಿ ನಾನು ತೋರಿಸಿಕೊಳ್ಳುವ ಶುಗರ್ ಡಾಕ್ಟರು ಬಹಳ ದಿನದಿಂದ ಹೇಳುತ್ತಲೇ ಇದ್ದರು: ‘ವಾಕಿಂಗಿಗೂ ಮಾತ್ರೆಗೂ ಬಗ್ಗೋ ತೂಕ ಅಲ್ಲ ಇದು, ಆಪರೇಷನ್ ಮಾಡೋ ಡಾಕ್ಟರನ್ನ ಒಂದ್ಸಲ ನೋಡಿ.’ ಸರಿ ಅಂತ ಹೋದೆವು. ಆ ಡಾಕ್ಟರು ಇನ್ನೂ ಚಿಕ್ಕ ವಯಸ್ಸಿನವರು, ನಗುಮುಖ. ‘ದಿನಾ ಏನೇನು ತಿಂತೀರಮ್ಮಾ?’ ಅಂದರು. ‘ಜಾಸ್ತಿ ದಿನ ಉಪವಾಸಾನೇ ಸಾರ್’ ಅಂದೆ. ಅವರಿಗೆ ನನ್ನ ಮೇಲೆ ಕನಿಕರ ಬಂತು. ಉಪವಾಸದ ದಿನ ಏನು ತಗೊಳ್ತೀರಾ ಅಂತ ಕೇಳಿದರು. ನಾನು ಹೇಳುತ್ತಾ ಹೋದೆ, ಅವರು ಬರೆದುಕೊಳ್ಳುತ್ತಾ ಹೋದರು, ಉಂಡೆಯ ಹತ್ತಿರ ಬಂದಾಗ ಪೆನ್ನು ಕೆಳಗಿಟ್ಟರು. ‘ಅಮ್ಮಾ, ನೀವು ಉಪವಾಸ ನಿಲ್ಲಿಸಿ ಊಟ ಶುರು ಮಾಡಿದ್ರೇ ಸ್ವಲ್ಪ ಇಳೀತೀರಿ’ ಅಂದರು. ನಮ್ಮನೆಯವರು ಕೆಮ್ಮುವ ಹಾಗೆ ನಟಿಸಿ ಕಿಟಕಿ ಕಡೆ ತಿರುಗಿದರು.

ಆಮೇಲೆ ಆಪರೇಷನ್ನಿನಲ್ಲಿ ಬಗೆಗಳಿವೆ ಅಂತ ಶುರು ಮಾಡಿದರು. ನಾನು ಒಂದೇ ಅಂದುಕೊಂಡು ಹೋಗಿದ್ದೆ. ಅಲ್ಲಿ ನೋಡಿದರೆ ಸೀರೆ ಅಂಗಡಿಯ ಹಾಗೆ ಒಂದಾದ ಮೇಲೊಂದು ಬಿಚ್ಚಿ ಹಾಕಿದರು. ಮೊದಲನೆಯದು ಸ್ಲೀವ್. ಚೀಲದ ಹಾಗಿರುವ ಹೊಟ್ಟೆಯಲ್ಲಿ ಮುಕ್ಕಾಲು ಪಾಲು ಕತ್ತರಿಸಿ ತೆಗೆದು, ಬಾಳೆಹಣ್ಣಿನ ಗಾತ್ರದ್ದು ಮಾತ್ರ ಉಳಿಸುತ್ತಾರಂತೆ. ‘ಯಾವ ಬಾಳೆಹಣ್ಣು ಸಾರ್, ಏಲಕ್ಕಿಯಾ, ಪಚ್ಚಬಾಳೆಯಾ?’ ಅಂತ ಕೇಳಿದೆ. ಕೇಳಬೇಕಾದ ಪ್ರಶ್ನೆಯೇ ಅದು. ಎರಡಕ್ಕೂ ಎಷ್ಟು ವ್ಯತ್ಯಾಸ ಇದೆ ಅಂತ ಗೊತ್ತಿದ್ದವರಿಗೆ ಗೊತ್ತು. ಡಾಕ್ಟರು ನೇರ ಎರಡನೆಯದಕ್ಕೆ ಹೋದರು. ಅದು ಬೈಪಾಸ್. ಹೊಟ್ಟೆಯ ಮೇಲ್ಭಾಗದಲ್ಲಿ ಪುಟ್ಟ ಚೀಲ ಮಾಡಿ ಅದನ್ನು ಕರುಳಿಗೆ ಮುಂದೆಲ್ಲೋ ಜೋಡಿಸುತ್ತಾರೆ, ತಿಂದದ್ದು ಉಳಿದ ಹೊಟ್ಟೆಗೆ ಹೋಗದೆ ಬಳಸಿಕೊಂಡು ಹೋಗುತ್ತದೆ. ಜೀವನಪೂರ್ತಿ ವಿಟಮಿನ್ ಮಾತ್ರೆ ನುಂಗಬೇಕು. ನಮ್ಮನೆಯವರು ನನಗೆ ಬಿಡಿಸಿ ಹೇಳಿದರು: ‘ಸುಂಕದಕಟ್ಟೆಗೆ ಹೋಗೋನು ಮಾಗಡಿ ರೋಡ್ ಟ್ರಾಫಿಕ್ಕೇ ಬೇಡ ಅಂತ ಒಳದಾರೀಲಿ ಹೋಗಲ್ವಾ, ಹಾಗೆ ಕಣೇ.’ ಮೂರನೆಯದು ಬಲೂನು. ಕೊಯ್ಯುವುದೇ ಇಲ್ಲ, ಬಾಯಿಂದ ಒಳಗೆ ಬಿಟ್ಟು ನೀರು ತುಂಬಿಸಿ, ಕೆಲವು ತಿಂಗಳಾದ ಮೇಲೆ ತೆಗೆದುಬಿಡುತ್ತಾರೆ. ಬಾಡಿಗೆ ಮನೆ ಕೊಟ್ಟು ಅಭ್ಯಾಸವಿರುವ ನನಗೆ ಇದು ಚೆನ್ನಾಗಿ ಅರ್ಥವಾಯಿತು. ಬಾಡಿಗೆಯವನು ಖಾಲಿ ಮಾಡಿದ ಮೇಲೆ ಜಾಗ ಮತ್ತೆ ನಮ್ಮದೇ, ಅಂದರೆ ಮತ್ತೆ ತುಂಬಬಹುದು. ‘ಯೋಚನೆ ಮಾಡ್ಕೊಂಡು ಬನ್ನಿ, ಇನ್ನೂ ಕೆಲವು ಟೆಸ್ಟ್ ಇದೆ, ಆಮೇಲೆ ಕೂತು ಮಾತಾಡೋಣ’ ಅಂದರು ಡಾಕ್ಟರು.

ಯೋಚನೆ ಮಾಡುವುದು ನನ್ನ ಕೈಲೆಲ್ಲಿತ್ತು? ನಮ್ಮ ಭಜನೆ ಮಂಡಳಿಯಲ್ಲಿ ಒಂದು ಮಾತು ಬಾಯಿಬಿಟ್ಟೆ ನೋಡಿ, ತಗೊಳ್ಳಿ, ಮಂಗಳಾರತಿ ಆಗುವಷ್ಟರಲ್ಲಿ ನನಗೆ ಹಾರ್ಟ್ ಬೈಪಾಸ್ ಅಂತ ಸುದ್ದಿ ರಾಜಾಜಿನಗರದ ತನಕ ಹೋಗಿತ್ತು. ಜನ ಹಣ್ಣು, ಬ್ರೆಡ್ಡು ಹಿಡಿದುಕೊಂಡು ನೋಡಲು ಬಂದರು. ಅವರು ತಂದದ್ದನ್ನು ಕೆಡಿಸಬಾರದು ಅಂತ ತಿಂದೆ. ಕೆಂಗೇರಿಯಿಂದ ನನ್ನ ನಾದಿನಿ ಫೋನು ಮಾಡಿ, ‘ಅತ್ತಿಗೆ, ಕತ್ತರಿಸಿದ್ದು ವಾಪಸ್ ಬರಲ್ಲ, ಬಲೂನೇ ಹಾಕಿಸ್ಕೊಳ್ಳಿ’ ಅಂದಳು. ಮೇಲಿಂದ ಶಿವಲೀಲಾ ಇಳಿದು ಬಂದು, ‘ಹೊಟ್ಟಿ ಕೊಯ್ಸ್ಕೊಳ್ಳೂದು ಯಾಕ್ರೀ ಆಂಟಿ, ಒಂದ್ ತಿಂಗಳ ಜ್ವಾಳದ ರೊಟ್ಟಿ ತಿನ್ರಿ, ನಾ ಬಡದ್ ಕೊಡ್ತೀನಿ’ ಅಂದಳು. ರೊಟ್ಟಿ ಕೊಟ್ಟಳು ಕೂಡ. ಜೊತೆಗೆ ಎಣ್ಣೆಗಾಯಿ, ಶೇಂಗಾ ಚಟ್ನಿ ಪುಡಿ, ಮೇಲೆ ಬೆಣ್ಣೆ. ಆ ತಿಂಗಳು ನನ್ನ ತೂಕ ಇನ್ನೂ ಸ್ವಲ್ಪ ಮೇಲಕ್ಕೇ ಹೋಯಿತು.

ಕೊನೆಗೆ ನಾನು, ನಮ್ಮಮ್ಮ, ನಮ್ಮಜ್ಜಿ ಎಲ್ಲರೂ ದಿಕ್ಕು ತೋಚದಾಗ ಮಾಡಿದ್ದನ್ನೇ ಮಾಡಿದೆ. ದೇವರ ಹತ್ತಿರ ಹೂ ಕೇಳುವುದು. ದೇವರ ಎರಡು ಭುಜಕ್ಕೂ ಹೂ ಇಟ್ಟಿರುತ್ತಾರೆ. ಮನಸ್ಸಿನಲ್ಲಿ ಅಂದುಕೊಂಡು ಕೈಮುಗಿದು ನಿಂತರೆ, ಬಲಗಡೆ ಹೂ ಬಿದ್ದರೆ ಆಗಲಿ ಅಂತ, ಎಡಗಡೆ ಬಿದ್ದರೆ ಬೇಡ ಅಂತ. ಮಗನಿಗೆ ಹೆಣ್ಣು ನೋಡುವುದಕ್ಕೆ, ಸೈಟು ತಗೊಳ್ಳುವುದಕ್ಕೆ, ನಮ್ಮಲ್ಲಿ ಎಲ್ಲಕ್ಕೂ ಕೇಳುತ್ತಾರೆ. ಆದರೆ ದೇವರಿಗೆ ಭುಜ ಎರಡೇ, ನನಗೆ ಆಪರೇಷನ್ ಮೂರು. ನಮ್ಮನೆಯವರು ಕ್ರಿಕೆಟ್ ಹುಚ್ಚಿನವರು. ‘ಬಲೂನನ್ನ ಮನೇಲೇ ಸೋಲಿಸಿ ಕಳ್ಸು, ಫೈನಲ್ ಮಾತ್ರ ದೇವರ ಮುಂದೆ ಆಗ್ಲಿ’ ಅಂದರು. ನಾದಿನಿ ಹೇಳಿದ್ದು ಅನ್ನುವ ಒಂದೇ ಕಾರಣಕ್ಕೆ ಬಲೂನು ಬೇಡ ಅಂತ ತೀರ್ಮಾನಿಸಿದೆ. ಬಲಕ್ಕೆ ಬಿದ್ದರೆ ಬೈಪಾಸ್, ಎಡಕ್ಕೆ ಬಿದ್ದರೆ ಸ್ಲೀವ್.

ಶನಿವಾರ ಮಾರೇನಹಳ್ಳಿಯ ಆಂಜನೇಯನ ಗುಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನನ್ನ ಸರದಿ ಬಂತು. ಕಣ್ಣು ಮುಚ್ಚಿದೆ. ಬಲ ಬೈಪಾಸ್, ಎಡ ಸ್ಲೀವ್. ಅಷ್ಟರಲ್ಲಿ ಒಂದು ಅನುಮಾನ ಬಂತು. ಬಲ ಅಂದರೆ ಶುಭ. ನನ್ನ ಮನಸ್ಸು ಒಳಗೊಳಗೇ ಸ್ಲೀವ್ ಕಡೆ ಇದೆ, ಹಾಗಿರುವಾಗ ಅದನ್ನು ಎಡಕ್ಕೆ ಇಡುವುದು ಸರಿಯೇ? ಬದಲಾಯಿಸಿದೆ. ಬಲ ಸ್ಲೀವ್, ಎಡ ಬೈಪಾಸ್. ಆಮೇಲೆ, ಇದು ದೇವರಿಗೇ ಮೋಸ ಮಾಡಿದ ಹಾಗಲ್ಲವೇ ಅನ್ನಿಸಿ ಮತ್ತೆ ಮೊದಲಿನ ಹಾಗೇ ಮಾಡೋಣ ಅಂದುಕೊಳ್ಳುತ್ತಿದ್ದೆ. ಅದೇ ಹೊತ್ತಿಗೆ ಹಿಂದಿನಿಂದ ಯಾರೋ ಪ್ರಸಾದದ ಪಾತ್ರೆಯ ಮುಚ್ಚಳ ತೆಗೆದರು. ಆಹಾ, ಆ ವಾಸನೆ. ಪುಳಿಯೋಗರೆಯೋ, ಖಾರ ಪೊಂಗಲ್ಲೋ? ಇಂಗಿನ ಜೊತೆ ಹುಣಸೆಹುಳಿಯೂ ಇದೆ, ಹಾಗಾದರೆ ಪುಳಿಯೋಗರೆಯೇ ಇರಬೇಕು. ಶನಿವಾರ ನಾನು ಅನ್ನ ಮುಟ್ಟುವುದಿಲ್ಲ, ಆದರೆ ಪ್ರಸಾದ ಅನ್ನ ಆಗುವುದಿಲ್ಲವಲ್ಲ.

‘ಬಲಗಡೆ ಆಯ್ತಮ್ಮಾ, ಒಳ್ಳೇದಾಗತ್ತೆ’ ಅಂತ ಅರ್ಚಕರು ಗಂಟೆ ಬಾರಿಸಿದರು.

ನಾನು ಕಣ್ಣು ಬಿಟ್ಟೆ. ಆಂಜನೇಯನ ಬಲಭುಜದಿಂದ ಸೇವಂತಿಗೆ ಬಿದ್ದಿತ್ತು. ಸುತ್ತಲಿದ್ದವರು ಕೈಮುಗಿದರು. ಬಲ ಅಂದರೆ ಕೊನೆಗೆ ಯಾವುದು ಅಂತ ಇಟ್ಟುಕೊಂಡಿದ್ದೆ ಅನ್ನುವುದು ನನಗೆ, ದೇವರಾಣೆ, ನೆನಪಾಗಲಿಲ್ಲ. ‘ಇನ್ನೊಂದ್ಸಲ ಕೇಳಬಹುದಾ ಸ್ವಾಮಿ?’ ಅಂದೆ. ‘ಕೊಟ್ಟ ಮೇಲೆ ಮತ್ತೆ ಕೇಳೋ ಹಾಗಿಲ್ಲಮ್ಮಾ’ ಅಂದರು ಅವರು. ಅವರ ಮಾತೂ ನ್ಯಾಯವೇ. ದೇವರು ಸರಿಯಾಗೇ ಉತ್ತರ ಕೊಟ್ಟಿದ್ದ. ಪ್ರಶ್ನೆ ಕಳೆದುಕೊಂಡವಳು ನಾನು.

ಹೊರಗೆ ಕಟ್ಟೆ ಮೇಲೆ ದೊನ್ನೆ ಹಿಡಿದು ಕೂತಾಗ ನಮ್ಮನೆಯವರು ಕೇಳಿದರು: ‘ಏನಾಯ್ತು?’

‘ಬಲಕ್ಕೆ ಬಿತ್ತು.’

‘ಬಲ ಅಂದ್ರೆ ಯಾವುದು?’

‘ಪುಳಿಯೋಗರೆ ಚೆನ್ನಾಗಿದೆ ರೀ’ ಅಂದೆ.

ಅವರಿಗೆ ತಿಳಿದುಹೋಯಿತು. ಬೈಯುತ್ತಾರೆ ಅಂದುಕೊಂಡೆ, ಬೈಯಲಿಲ್ಲ. ತಮ್ಮ ದೊನ್ನೆಯನ್ನು ಪಕ್ಕಕ್ಕಿಟ್ಟು, ‘ನಾಳಿದ್ದು ಡಾಕ್ಟರ ಹತ್ರ ನಾನು ಮಾತಾಡ್ತೀನಿ’ ಅಂದರು.

ಮಾತಾಡಿದರು. ಮೂವತ್ತು ವರ್ಷದ ಸಂಸಾರದಲ್ಲಿ ನನ್ನ ಎದುರಿಗೆ ಅಷ್ಟು ಉದ್ದ ಮಾತಾಡಿದ್ದು ಅದೇ ಮೊದಲು. ‘ಸಾರ್, ಇವಳು ರಂಗೋಲಿ ರಂಗೋಲಿ ಅಂತಾಳೆ. ಅದು ಹಾಗಿರ್ಲಿ. ನಿದ್ದೇಲಿ ಇವಳಿಗೆ ಉಸಿರು ನಿಂತುಹೋಗತ್ತೆ. ನಿಂತು ಆಮೇಲೆ ಬರತ್ತೆ. ಬರೋ ತನಕ ನಾನು ಪಕ್ಕದಲ್ಲಿ ಕೂತಿರ್ತೀನಿ. ಮಲಗಿದ ತಕ್ಷಣ ಹುಳಿತೇಗು ಬೇರೆ, ಎದೆ ಉರೀತದೆ ಅಂತ ಎದ್ದು ಕೂತ್ಕೋತಾಳೆ. ಇದ್ಯಾವುದನ್ನೂ ನಿಮಗೆ ಹೇಳಿಲ್ಲ ಇವಳು. ಯಾವುದು ಮಾಡಿದ್ರೂ ಸರಿ ಸಾರ್, ಇವಳು ನನಗೆ ಬೇಕು.’ ನಾನು ತಲೆ ತಗ್ಗಿಸಿ ನನ್ನ ಬ್ಯಾಗಿನ ಜಿಪ್ಪು ಎಳೆಯುತ್ತಾ ಕೂತೆ. ಗೊರಕೆ ಹೊಡೆಯುತ್ತೇನೆ ಅಂತ ಗೊತ್ತಿತ್ತು. ಅದು ನಿಂತಾಗ ಇವರು ಎದ್ದು ಕಾಯುತ್ತಾರೆ ಅಂತ ಗೊತ್ತಿರಲಿಲ್ಲ. ಕಡ್ಡಿಯ ಹಾಗೆ ಇರುವುದಕ್ಕೆ ಅದೂ ಒಂದು ಕಾರಣ ಇದ್ದೀತು.

ಡಾಕ್ಟರು ನನ್ನ ಕಡೆ ನೋಡಿದರು. ‘ಹುಳಿತೇಗು ಇದೆ ಅಂತ ಮೊದಲೇ ಹೇಳೋದಲ್ವಾ ಅಮ್ಮಾ?’ ಪರಗಂಡಸಿನ ಮುಂದೆ ತೇಗಿನ ವಿಚಾರ ಹೇಗೆ ಹೇಳುವುದು? ಹೊಟ್ಟೆ ಕೊಯ್ಯಲು ಒಪ್ಪಿದವಳು ತೇಗಿಗೆ ನಾಚಿಕೊಂಡಿದ್ದೆ. ಎಂಡೋಸ್ಕೋಪಿ ಮಾಡಿ ನೋಡಿದರು. ಸ್ಲೀವ್ ಮಾಡಿದರೆ ಈ ಉರಿ ಇನ್ನೂ ಹೆಚ್ಚಬಹುದು, ಶುಗರಿಗೂ ನಿಮಗೆ ಬೈಪಾಸೇ ವಾಸಿ ಅಂದರು. ‘ದೇವರೂ ಅದನ್ನೇ ಹೇಳಿದ್ದ ಸಾರ್’ ಅಂದುಬಿಟ್ಟೆ. ನಮ್ಮನೆಯವರು ನನ್ನ ಮುಖವನ್ನೇ ನೋಡಿದರು.

ಎಲ್ಲಾ ಗೊತ್ತಾದ ಮೇಲೆ ಡಾಕ್ಟರು, ‘ಒಂದು ಸಣ್ಣ ವಿಷಯ’ ಅಂದರು. ಆಪರೇಷನ್ನಿಗೆ ಮುಂಚೆ ಕೆಲವು ದಿನ ಬರೀ ನೀರಾಗಿರುವುದನ್ನೇ ತಗೊಳ್ಳಬೇಕಂತೆ. ಅವರು ಹೇಳಿದ ಪುಡಿ ಕಲಸಿದ ಹಾಲು, ತಿಳಿ ಸೂಪು, ನೀರು ಮಜ್ಜಿಗೆ. ಕೊಬ್ಬು ತುಂಬಿದ ಲಿವರ್ ಕುಗ್ಗಿದರೆ ಅವರಿಗೆ ಕೆಲಸ ಸುಲಭ. ‘ಅವಲಕ್ಕಿ?’ ಅಂದೆ. ಇಲ್ಲ. ‘ಗೆಣಸು?’ ಇಲ್ಲ. ‘ಅಷ್ಟು ದಿನ ತಡ್ಕೋತೀರಾ?’ ಅಂತ ಅವರು ಕೇಳಿದ್ದಕ್ಕೆ ನಮ್ಮನೆಯವರು ಎದೆ ಉಬ್ಬಿಸಿ, ‘ಅಯ್ಯೋ, ಉಪವಾಸ ಇವಳಿಗೆ ನೀರು ಕುಡಿದ ಹಾಗೆ ಸಾರ್’ ಅಂದರು. ಹೆಂಡತಿಯ ಮರ್ಯಾದೆ ಉಳಿಸಲು ಹೇಳಿದರೋ, ಸೇಡು ತೀರಿಸಿಕೊಂಡರೋ, ಇವತ್ತಿಗೂ ಗೊತ್ತಾಗಿಲ್ಲ.

ಈಗ ಅದೇ ನಡೆದಿದೆ. ಆಪರೇಷನ್ ಮುಂದಿನ ವಾರ. ಹೆದರಿಕೆ ಇದೆ, ಇಲ್ಲ ಅಂದರೆ ಸುಳ್ಳಾಗುತ್ತದೆ. ಕಣ್ಣು ಮುಚ್ಚಿದರೆ ಒಮ್ಮೆ ಕತ್ತರಿ ಕಾಣುತ್ತದೆ, ಒಮ್ಮೆ ಪುಳಿಯೋಗರೆ. ಇವತ್ತು ಏಕಾದಶಿ. ಬೆಳಗ್ಗೆ ಗೇಟಿನ ಹತ್ತಿರ ಕುರ್ಚಿ ಹಾಕಿಕೊಂಡು ಶಿವಲೀಲಾ ರಂಗೋಲಿ ಇಡುವುದನ್ನು ನೋಡುತ್ತಾ ಕೂತಿದ್ದೆ. ‘ಸಂಕ್ರಾಂತಿ ದಿನ ಮಾತ್ರ ನೀನು ಬರಬೇಡ ಕಣೇ, ಅವತ್ತು ನಾನೇ ಇಡ್ತೀನಿ’ ಅಂದೆ. ‘ಇಡ್ರಿ, ಯಾರ್ ಬ್ಯಾಡ ಅಂತಾರ. ನಾ ಬಣ್ಣಾ ತುಂಬ್ತೀನಿ’ ಅಂದಳು. ಕೈ ತೊಳೆದುಕೊಂಡು ಮೇಲೆ ಹೋದವಳು ಬಿಸಿಬಿಸಿ ಸಬ್ಬಕ್ಕಿ ವಡೆಯ ತಟ್ಟೆ ಹಿಡಿದು ಇಳಿದು ಬಂದಳು. ಅಂಚು ಕೆಂಪಗೆ ಗರಿಗರಿಯಾಗಿತ್ತು. ನಾನು ಮಜ್ಜಿಗೆಯ ಲೋಟವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು, ‘ಬೇಡ ಕಣೇ, ಇವತ್ತು ನನಗೆ ಉಪವಾಸ’ ಅಂದೆ. ಜನ್ಮದಲ್ಲಿ ಮೊದಲನೇ ಸಲ ಆ ಮಾತು ಪೂರ್ತಿ ನಿಜವಾಗಿತ್ತು.

ಶಿವಲೀಲಾ ನಕ್ಕು ತಟ್ಟೆಯನ್ನು ನನ್ನ ತೊಡೆಯ ಮೇಲೇ ಇಟ್ಟಳು. ‘ನಿಮ್ಮ ಉಪಾಸ ನನಗ ಗೊತ್ತಿಲ್ಲೇನ್ರೀ ಆಂಟಿ? ಅದಕ್ಕ ಎರಡು ಜಾಸ್ತೀನ ತಂದೀನಿ.’