ಮಾವನವರ ಗಲ್ಲ ಮತ್ತು ನನ್ನ ಭಾರದ ಕೈ

ಪ್ರತಿ ಮನೆಯಲ್ಲೂ ಯಾರೂ ಮುಟ್ಟದ ವಸ್ತುವೊಂದು ಇದ್ದೇ ಇರುತ್ತದೆ. ಮುಟ್ಟಬೇಡಿ ಎಂದು ಯಾರೂ ಹೇಳಿರುವುದಿಲ್ಲ, ಬೀಗವನ್ನೂ ಹಾಕಿರುವುದಿಲ್ಲ, ಆದರೂ ಮುಟ್ಟುವುದಿಲ್ಲ. ಸೈದಾಪುರದ ನನ್ನ ತವರುಮನೆಯಲ್ಲಿ ಅದು ಅಜ್ಜಿಯ ಎಲೆಯಡಿಕೆಯ ಚೀಲವಾಗಿತ್ತು. ಮದುವೆಯಾಗಿ ಶಹಾಪುರಕ್ಕೆ ಬಂದ ಮೇಲೆ ಪಡಸಾಲೆಯ ಗೋಡೆಯ ಮಾಡದಲ್ಲಿದ್ದ ಒಂದು ತಗಡಿನ ಡಬ್ಬಿ ಆ ಜಾಗಕ್ಕೆ ಬಂತು. ಅಮಾವಾಸ್ಯೆಗೊಮ್ಮೆ ಮಾಡ ಒರೆಸುವಾಗ ನಾನು ಡಬ್ಬಿಯ ಸುತ್ತ ಬಟ್ಟೆ ಆಡಿಸಿ, ಡಬ್ಬಿಯನ್ನು ಅದರ ಪಾಡಿಗೆ ಬಿಟ್ಟುಬಿಡುತ್ತಿದ್ದೆ. ಅದರೊಳಗೆ ನಮ್ಮ ಮಾವನವರ ದಾಡಿಯ ಸಾಮಾನು ಇತ್ತು: ಹಿತ್ತಾಳೆ ಬಣ್ಣದ ಒಂದು ಸೇಫ್ಟಿ ರೇಜರ್, ಕಾಗದ ಸುತ್ತಿದ ಬ್ಲೇಡುಗಳು, ಒಂದು ಬ್ರಶ್ಶು, ಬಟ್ಟಲಲ್ಲಿ ಸವೆದ ಸೋಪು, ಒಂದು ಪಟಿಕದ ಹರಳು. ಅದನ್ನು ನಾನೇ ಒಂದು ದಿನ ತೆರೆಯುತ್ತೇನೆಂದು ಯಾರಾದರೂ ಮದುವೆಯ ದಿನ ಹೇಳಿದ್ದರೆ ಮದುಮಗಳ ಗಾಂಭೀರ್ಯ ಮರೆತು ನಕ್ಕುಬಿಡುತ್ತಿದ್ದೆನೇನೋ.

ಮಾವನವರು ಕಾಲುವೆಯ ಗೇಟು ನೋಡಿಕೊಳ್ಳುವ ಕೆಲಸದಲ್ಲಿದ್ದವರು. ಕೃಷ್ಣೆಯ ನೀರು ಕಾಲುವೆಗೆ ಮೊದಲ ಸಲ ಬಂದ ಕಾಲಕ್ಕೇ ಸೇರಿಕೊಂಡರು. ಯಾವ ಹೊಲಕ್ಕೆ ಯಾವತ್ತು ನೀರು ಬಿಡಬೇಕು, ಯಾವಾಗ ಗೇಟು ಇಳಿಸಬೇಕು ಎಂಬುದೇ ಅವರ ಬದುಕು. ಸೋಮವಾರವೊಂದನ್ನು ಬಿಟ್ಟು ದಿನವೂ ಬೆಳಗ್ಗೆ ಅಂಗಳದ ಬೇವಿನ ಗಿಡಕ್ಕೆ ದುಂಡು ಕನ್ನಡಿ ನೇತುಹಾಕಿ ದಾಡಿ ಮಾಡಿಕೊಳ್ಳುವರು. ಅವಸರವೆಂಬುದು ಇಲ್ಲ. ನೊರೆ ಎಬ್ಬಿಸುವುದೇ ಒಂದು ಕೆಲಸ, ಅದನ್ನು ಹಚ್ಚುವುದು ಇನ್ನೊಂದು ಕೆಲಸ, ಹಚ್ಚಿದ ಮೇಲೆ ಸುಮ್ಮನೆ ನಿಂತು ಕಾಲುವೆಯ ದಿಕ್ಕಿಗೆ ನೋಡುವುದು ಮೂರನೆಯದು. ಆಮೇಲೆ ರೇಜರ್. ಒಂದು ಸಲ ನಮ್ಮ ಯಜಮಾನರು, ‘ದಿನಾ ಯಾಕಪ್ಪಾ, ಹೊಲದಾಗ ನಿಮ್ಮ ಮುಖ ನೋಡೋರು ಯಾರು?’ ಎಂದಿದ್ದರು. ಮಾವನವರು ರೇಜರ್ ತೊಳೆಯುತ್ತ ಹೇಳಿದರು: ‘ನೀರು ಕೇಳಾಕ ಬರೋರು ಮೊದಲೇ ಸಿಟ್ಟಿನ್ಯಾಗ ಬಂದಿರ್ತಾರ. ನಾನೂ ದಾಡಿ ಬಿಟ್ಕೊಂಡು ನಿಂತ್ರ ಜಗಳ ತಾನೇ ಸುರು ಆಗ್ತದ.’ ನಿವೃತ್ತಿಯಾದ ಮೇಲೆ ನೀರು ಕೇಳುವವರು ಬರುವುದು ನಿಂತಿತು. ದಾಡಿ ನಿಲ್ಲಲಿಲ್ಲ.

ನಿಂತದ್ದು ಲಕ್ವಾ ಹೊಡೆದಾಗ. ದೊಡ್ಡದೇನಲ್ಲ, ದೇವರು ದೊಡ್ಡವನು. ಬಲಗೈಯ ಹಿಡಿತ ಹೋಯಿತು, ಬಲಗಾಲು ಎಳೆಯತೊಡಗಿತು. ಯಾದಗಿರಿಯ ಡಾಕ್ಟರು ನೋಡಿ, ‘ಗುಳಿಗಿ ಅರ್ಧ ಕೆಲಸ, ನಡಿಗಿ ಅರ್ಧ ಕೆಲಸ. ಹೊರಗ ನಡೀಲಿಲ್ಲಂದ್ರ ಈ ಕಾಲು ಹಿಂಗೇ ಉಳೀತದ’ ಎಂದು ಖಂಡಿತವಾಗಿ ಹೇಳಿದರು. ಗುಳಿಗೆಯನ್ನು ಮಾವನವರು ನುಂಗಿದರು. ನಡಿಗೆಗೆ ಮಾತ್ರ ಏಳಲಿಲ್ಲ. ನಾವು ಕಾಲಿಗೆ ನೋವೆಂದುಕೊಂಡೆವು, ಬೇಸರವೆಂದುಕೊಂಡೆವು, ಊಟ ಸಾಲದೆಂದುಕೊಂಡೆವು. ಸುರಪುರದಿಂದ ಅವರ ಹಳೆಯ ಜೊತೆಗಾರ ಶರಣಪ್ಪ ಕಾಕಾ ನೋಡಲು ಬಂದಾಗ ವಿಷಯ ಗೊತ್ತಾಯಿತು. ಕಾಕಾನ ದನಿ ಕೇಳಿದ್ದೇ ಮಾವನವರು ಗೋಡೆಯ ಕಡೆ ತಿರುಗಿ ಚಾದರ ಎಳೆದುಕೊಂಡು, ‘ಮಲಗ್ಯಾರ ಅಂತ ಹೇಳವಾ’ ಎಂದರು. ಚಾದರದ ಅಂಚಿನಲ್ಲಿ ಬಿಳಿ ಗಡ್ಡ ಜೋಳದ ಕೂಳೆಯ ಹಾಗೆ ಚುಚ್ಚಿಕೊಂಡು ಕಾಣುತ್ತಿತ್ತು. ಮನುಷ್ಯ ಕುಂಟುವುದಕ್ಕೆ ನಾಚಿರಲಿಲ್ಲ. ದಾಡಿ ಕೆರೆಯದ ಮುಖ ಹೊತ್ತು ಬೀದಿಗೆ ಇಳಿಯಲು ನಾಚಿದ್ದರು.

ಇಷ್ಟೇ ತಾನೇ ಎಂದು ನಮ್ಮ ಯಜಮಾನರು ಸಲೂನಿನವನನ್ನು ಮನೆಗೇ ಕರೆತಂದರು. ಮಾವನವರು ಅವನಿಗೆ ಚಹಾ ಕೊಡಿಸಿ, ಮಳೆ ಬೆಳೆ ವಿಚಾರಿಸಿ, ಗಲ್ಲ ಮುಟ್ಟಿಸದೆ ಕಳಿಸಿದರು. ಆಮೇಲೆ ಮಗನಿಗೆ ಹೇಳಿದರು: ‘ಅವ ಮನಿಗೆ ಬರೋದು ಮದುಮಗ ಇದ್ದ ಮನಿಗೆ, ಇಲ್ಲಾ ಹೆಣ ಇದ್ದ ಮನಿಗೆ. ನಾ ಎರಡೂ ಅಲ್ಲ.’ ಸಲೂನಿಗೇ ಹೋಗೋಣವೆಂದರೆ ಅದಕ್ಕೂ ಬೀದಿಗೆ ಇಳಿಯಬೇಕಲ್ಲ. ಕೊನೆಗೆ ಯಜಮಾನರೇ ಕೈ ಹಾಕಿದರು. ಅವರೋ ಕಾಲೇಜಿನ ಕಾಲದಿಂದ ಗಡ್ಡ ಬಿಟ್ಟವರು. ತಿಂಗಳಿಗೊಮ್ಮೆ ಕತ್ತರಿ ಆಡಿಸುವುದು ಬಿಟ್ಟರೆ ಬ್ಲೇಡಿನ ಪರಿಚಯವಿಲ್ಲ. ನೊರೆ ಹಚ್ಚುವವರೆಗೆ ಧೈರ್ಯವಿತ್ತು. ರೇಜರ್ ಎತ್ತಿದವರೇ ಅದನ್ನು ಮತ್ತೆ ಡಬ್ಬಿಯಲ್ಲಿಟ್ಟು, ‘ಅಪ್ಪನ ಗಂಟಲ ಮ್ಯಾಲ ಬ್ಲೇಡು ಇಡಾಕ ನನ್ನಿಂದ ಆಗಂಗಿಲ್ಲ’ ಎಂದು ಕೈ ತೊಳೆದುಕೊಂಡು ಕಚೇರಿಗೆ ಹೋದರು. ಅತ್ತೆ ತೀರಿಹೋಗಿ ವರ್ಷಗಳಾಗಿದ್ದವು. ಮಕ್ಕಳು ಇನ್ನೂ ಚಿಕ್ಕವರು. ಮನೆಯಲ್ಲಿ ಉಳಿದವಳು ನಾನು.

ನಮ್ಮ ಕಡೆ ಸೊಸೆ ಮಾವನ ಮುಂದೆ ತಲೆಯ ಮೇಲೆ ಸೆರಗಿಲ್ಲದೆ ನಿಲ್ಲುವುದಿಲ್ಲ. ಮಾವನವರು ಮನೆಯೊಳಗೆ ಬರುವ ಮೊದಲು ಅಂಗಳದಲ್ಲೇ ಒಂದು ಸಲ ಕೆಮ್ಮುವರು. ನಾನು ಸೆರಗು ಎಳೆದುಕೊಳ್ಳುವೆ. ಆಮೇಲೆ ಅವರ ಚಪ್ಪಲಿಯ ಸದ್ದು. ಇಷ್ಟು ವರ್ಷ ನಮ್ಮ ನಡುವೆ ಅತಿ ದೊಡ್ಡ ಸಂಭಾಷಣೆಯೆಂದರೆ ಆ ಕೆಮ್ಮು. ಅಂಥವಳು ಅವರ ಗಲ್ಲ ಹಿಡಿದು ಗಡ್ಡ ಕೆರೆಯುವುದೆಂದರೇನು? ಆದರೆ ಕಾಲು ದಿನದಿಂದ ದಿನಕ್ಕೆ ಕಟ್ಟಿಗೆಯಾಗುತ್ತಿತ್ತು. ಒಂದು ಬೆಳಗ್ಗೆ ಬಾಗಿಲ ಮರೆಯಲ್ಲಿ ನಿಂತು, ‘ಮಾವಾರ, ನಾ ಮಾಡ್ಲೇನ್ರಿ?’ ಎಂದೆ. ಒಳಗಿನಿಂದ ಮೊದಲು ಆ ಕೆಮ್ಮು ಬಂತು. ಆಮೇಲೆ, ‘ಮೊದ್ಲ ಕಲ್ತು ಬಾರವಾ’ ಎಂದರು.

ಕಲಿಯಲು ಡಬ್ಬಿ ತೆರೆದೆ. ರೇಜರ್ ತಿರುಗಿಸಿದರೆ ಮೂರು ತುಂಡಾಗಿ ಕೈಗೆ ಬಂತು: ಹಿಡಿಕೆ, ಅದರ ಮೇಲೆ ಕೂಡುವ ಹಲ್ಲಿನ ತಟ್ಟೆ, ಬ್ಲೇಡಿನ ಮೇಲೆ ಮುಚ್ಚುವ ಬಾಗಿದ ಟೋಪಿ. ಎಷ್ಟು ಸರಳವಾದ ವಸ್ತುವೆಂದರೆ ಮೊದಲ ದಿನ ನಾನು ತಟ್ಟೆಯನ್ನು ತಲೆಕೆಳಗು ಹಾಕಿ ಬಿಗಿದೆ. ಅಭ್ಯಾಸಕ್ಕೆ ಒಂದು ಎಳೆಯ ಸೋರೆಕಾಯಿ ತಂದುಕೊಂಡಿದ್ದೆ; ಎಳೆ ಸೋರೆಯ ಮೈಮೇಲೆ ಹುಡುಗರ ಮೀಸೆಯಷ್ಟು ನವಿರು ಇರುತ್ತದೆಂದು ಅಡಿಗೆ ಮಾಡುವವರಿಗೆಲ್ಲ ಗೊತ್ತು. ಕೈಯಿಂದಲೇ ಸೋಪು ಸವರಿದ ಸೋರೆಯನ್ನು ತಲೆಕೆಳಗಿನ ರೇಜರ್ ನೇವರಿಸಿತೇ ಹೊರತು ಒಂದು ಕೂದಲನ್ನೂ ಮುಟ್ಟಲಿಲ್ಲ. ಸರಿಯಾಗಿ ಜೋಡಿಸಿದ ಮೇಲೆ ಕೂದಲ ಜೊತೆ ಸಿಪ್ಪೆಯನ್ನೂ ತೆಗೆಯಿತು. ಕೆಲವು ಸೋರೆಕಾಯಿಗಳ ನಂತರ ಸಿಪ್ಪೆ ಉಳಿಯತೊಡಗಿತು. ಆ ವಾರವೆಲ್ಲ ಮನೆಯಲ್ಲಿ ಸೋರೆಕಾಯಿ ಪಲ್ಯ. ಯಜಮಾನರು ತಟ್ಟೆ ಮೂಸಿ, ‘ಪಲ್ಯದಾಗ ಏನೋ ಪರಿಮಳ ಅದಲ್ಲ?’ ಎಂದರು. ಹೊಸ ಮಸಾಲೆ ಎಂದೆ.

ಸೋರೆ ಗೆದ್ದವಳು ಬ್ರಶ್ಶಿಗೆ ಸೋತೆ. ಜೋಳದ ಹಿಟ್ಟಿಗೆ ಕುದಿಯುವ ಎಸರು ಸುರಿದು ನಾದಿದರೇ ರೊಟ್ಟಿ ಹರಿಯದೆ ಬರುವುದು. ಈ ಕಡೆಯ ಹೆಂಗಸರ ಕೈಗೆ ಬೇರೆ ಪಾಠ ಗೊತ್ತಿಲ್ಲ. ಗಟ್ಟಿಯಾದದ್ದು ಮೆತ್ತಗಾಗಬೇಕೆಂದರೆ ಎಸರು. ಒಣಗಿ ಕಡ್ಡಿಯಾಗಿದ್ದ ಬ್ರಶ್ಶಿಗೂ ಎಸರೇ ಸುರಿದೆ. ಬ್ರಶ್ಶು ಮೆತ್ತಗಾಯಿತು, ಮೆತ್ತಗಾಗಿ ಬುಡದ ಅಂಟೂ ಬಿಟ್ಟಿತು. ಅದು ನನಗೆ ತಿಳಿದದ್ದು ಮಾವನವರ ಗಲ್ಲಕ್ಕೆ ಹಚ್ಚಿದ ಮೇಲೆ. ತಿರುವಿದಷ್ಟೂ ಕೂದಲು ಉದುರಿ, ಬಿಳಿ ಗಡ್ಡದ ಮೇಲೆ ಕಂದು ಗಡ್ಡವೊಂದು ಬೆಳೆಯಿತು. ಅಂಗಿ ಗುಂಡಿ ಹಾಕಿಕೊಳ್ಳುತ್ತ ಬಂದ ಯಜಮಾನರು ನೋಡಿ ಬಾಗಿಲಿಗೆ ಒರಗಿ, ‘ದಾಡಿ ತೆಗಿ ಅಂದ್ರ ದಾಡಿ ಹಚ್ಚೀದಿ ಅಲ್ಲ’ ಎಂದರು. ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಮಾವನವರು ಎಡಗೈಯಿಂದ ಒಂದೊಂದೇ ಕೂದಲು ಬಿಡಿಸಿಕೊಂಡು, ‘ಇರ್ಲಿ ಬಿಡವಾ. ಹೊಸಾ ಬ್ರಶ್ಶು ತರ್ಸು. ಮತ್ತ ಬೋರಿನ ನೀರು ಬ್ಯಾಡ, ಅದಕ್ಕ ನೊರಿ ಬರಂಗಿಲ್ಲ’ ಎಂದರು.

ಅದೂ ನಿಜ. ನಮ್ಮ ಓಣಿಯ ಬೋರಿನ ನೀರು ಸವಳು. ಸೋಪು ಎಷ್ಟು ಉಜ್ಜಿದರೂ ಬಟ್ಟಲಲ್ಲಿ ಮೊಸರೊಡೆದ ಹಾಗೆ ಕಾಣುವುದೇ ಹೊರತು ನೊರೆಯಾಗುವುದಿಲ್ಲ. ಮಾವನವರು ಇಷ್ಟು ಕಾಲ ದಿನವೂ ಒಂದು ತಂಬಿಗೆ ಕಾಲುವೆಯ ನೀರು ತರುತ್ತಿದ್ದುದನ್ನು ನಾವು ಯಾವುದೋ ಪೂಜೆಗೆಂದು ತಿಳಿದಿದ್ದೆವು. ಈಗ ಯಜಮಾನರು ಗಾಡಿಯ ಮೇಲೆ ಕ್ಯಾನು ಕಟ್ಟಿಕೊಂಡು ಕಾಲುವೆಗೆ ಹೋಗಿ ಬರುವಂತಾಯಿತು. ಕಾಲುವೆಗೆ ನೀರು ನಿಲ್ಲಿಸುವ ದಿನಗಳು ಹತ್ತಿರ ಬಂದಾಗ ದೊಡ್ಡ ಮಣ್ಣಿನ ಹರವಿಯೊಂದನ್ನು ತುಂಬಿ ಬಟ್ಟೆ ಕಟ್ಟಿಟ್ಟೆ. ಬಂದ ನೆಂಟರಿಗೆ ಕುಡಿಯಲು ಸವಳು ನೀರು ಕೊಟ್ಟು, ಹರವಿಯ ಸಿಹಿನೀರು ಮಾವನವರ ಗಲ್ಲಕ್ಕೆಂದು ಕಾಯ್ದಿಟ್ಟ ಸೊಸೆ ಈ ತಾಲ್ಲೂಕಿನಲ್ಲಿ ನಾನೊಬ್ಬಳೇ ಇರಬೇಕು. ಆದರೆ ಆ ನೀರಿಗೆ ಎದ್ದ ನೊರೆ ನೋಡಬೇಕು: ಎಮ್ಮೆ ಹಾಲು ಕರೆದಾಗ ತಂಬಿಗೆಯ ಬಾಯಿಗೆ ಏರುವ ನೊರೆಯಂಥದು, ಬಟ್ಟಲು ಬೋರಲು ಹಾಕಿದರೂ ಬೀಳದು.

ಬ್ಲೇಡಿಟ್ಟ ಮೊದಲ ಬೆಳಗು. ಬಿಸಿನೀರಲ್ಲಿ ಹಿಂಡಿದ ಟವೆಲನ್ನು ಗಲ್ಲಕ್ಕೆ ಸುತ್ತಿ ತೆಗೆದೆ, ನೊರೆ ಹಚ್ಚಿದೆ. ಮಾವನವರು ಕುರ್ಚಿಯಲ್ಲಿ ತಲೆ ಹಿಂದಕ್ಕೆ ಚೆಲ್ಲಿ ಕುಳಿತಿದ್ದರು. ನಮ್ಮೂರ ಗುಡ್ಡ ದೂರದಿಂದ ಬುದ್ಧ ಮಲಗಿದ ಹಾಗೆ ಕಾಣುತ್ತದಲ್ಲ, ಅದೇ ಹಣೆ, ಅದೇ ಮೂಗು, ಅದೇ ಗಲ್ಲ. ಗುಡ್ಡಕ್ಕೆ ಮಾತ್ರ ದಾಡಿ ಇಲ್ಲ. ಈಗ ತೊಡಕು ಶುರುವಾಯಿತು. ಒಂದು ಕೈಯಿಂದ ಚರ್ಮ ಎಳೆದು ಹಿಡಿಯಬೇಕು, ಇನ್ನೊಂದರಿಂದ ರೇಜರ್ ಆಡಿಸಬೇಕು, ಬಗ್ಗಿದ ತಕ್ಷಣ ಸೆರಗು ಜಾರುತ್ತದೆ. ಎತ್ತಿಕೊಂಡೆ, ಜಾರಿತು. ಮತ್ತೆ ಎತ್ತಿಕೊಂಡೆ, ಅದಕ್ಕೂ ನೊರೆ ಹತ್ತಿತು. ಮಾವನವರು ಒಮ್ಮೆ ಕೆಮ್ಮಿ ಎರಡೂ ಕಣ್ಣು ಮುಚ್ಚಿಕೊಂಡರು. ‘ಮುಗೀತು ಅನ್ನೋತನಕ ತೆರ್ಯಂಗಿಲ್ಲ. ನೀ ಆರಾಮ ಮಾಡವಾ’ ಎಂದರು. ಸೊಸೆಯ ಮರ್ಯಾದೆಗೆ ಇಷ್ಟು ಅಗ್ಗದಲ್ಲಿ, ಇಷ್ಟು ಚೆಂದಾಗಿ ದಾರಿ ಮಾಡಿಕೊಟ್ಟವರನ್ನು ನಾನು ಬೇರೆ ಕಂಡಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿದೆ.

ಕಣ್ಣು ಮುಚ್ಚಿದವರು ಕಿವಿಯಿಂದ ನೋಡತೊಡಗಿದರು. ‘ಸಪ್ಪಳ ಇಲ್ಲ. ಬ್ಲೇಡು ಹತ್ತಿಲ್ಲ. ಹಿಡಿಕಿ ಸ್ವಲ್ಪ ಕೆಳಗ ತಗೋ.’ ತಗ್ಗಿಸಿದೆ. ಚರ್ ಎಂದು ಒಣ ಜೋಳದ ಎಲೆ ಸೀಳಿದ ಸದ್ದು ಬಂತು. ‘ಹಾಂ, ಇದು. ಕೂದಲ ಹರಿಯೋ ಕಡೀಗೇ ಎಳಿ, ಏರಿಗೆ ಹೋಗಬ್ಯಾಡ.’ ಎಳೆದೆ. ‘ಒತ್ತಬ್ಯಾಡವಾ.’ ನಾನು ಒತ್ತಿರಲಿಲ್ಲ ಎಂದೇ ನನ್ನ ನಂಬಿಕೆ. ಆದರೆ ಹುಟ್ಟಿದಾಗಿನಿಂದ ರೊಟ್ಟಿ ಬಡಿದ ಕೈ. ಅದಕ್ಕೆ ಮೆಲ್ಲಗೆ ಎನ್ನುವುದೇ ಗೊತ್ತಿಲ್ಲ. ಗಲ್ಲದ ತಿರುವಿನಲ್ಲಿ ಸಣ್ಣದೊಂದು ಕೆಂಪು ಚುಕ್ಕೆ ಮೂಡಿತು. ‘ಅಯ್ಯೋ’ ಎಂದು ರೇಜರ್ ಎತ್ತಿಬಿಟ್ಟೆ. ‘ಪಟಿಕ ಹಚ್ಚು’ ಎಂದರು ಮಾವನವರು, ಮಜ್ಜಿಗೆ ಬಡಿಸು ಎನ್ನುವ ದನಿಯಲ್ಲಿ. ‘ರೇಜರಿಗಿ ತನ್ನ ಭಾರ ಅದ ನೋಡು. ಅದು ತಾನೇ ಇಳೀತದ. ನೀ ಬರೇ ದಾರಿ ತೋರ್ಸು.’

ಅದನ್ನು ಕಲಿಯಲು ನನಗೆ ಬಹಳ ದಿನ ಹಿಡಿಯಿತು. ನಾನು ಒತ್ತಿದರೇ ಕೆಲಸವಾಗುತ್ತದೆಂದು ನಂಬಿ ಇಷ್ಟು ವರ್ಷ ಪಾತ್ರೆ, ಬಟ್ಟೆ, ಮಕ್ಕಳು, ಎಲ್ಲವನ್ನೂ ಒತ್ತಿಕೊಂಡೇ ಬಂದವಳು. ಈ ಪುಟ್ಟ ಸಾಮಾನು ಒತ್ತಿದರೆ ಕಚ್ಚುತ್ತದೆ, ಬಿಟ್ಟರೆ ಕೆಲಸ ಮಾಡುತ್ತದೆ. ಬರಬರುತ್ತ ಕೈ ಹಗುರಾಯಿತು, ಚುಕ್ಕೆಗಳು ನಿಂತವು. ಹಗುರಾದದ್ದು ಎಷ್ಟೆಂದರೆ ರೊಟ್ಟಿಗಳು ದಪ್ಪ ಬರತೊಡಗಿದವು. ಒಂದು ಮಧ್ಯಾಹ್ನ ಮಾವನವರು ತುತ್ತು ಮುರಿದು, ‘ರೊಟ್ಟಿಗಿ ಸ್ವಲ್ಪ ಭಾರ ಹಾಕವಾ, ಅದು ಗಲ್ಲ ಅಲ್ಲ’ ಎಂದರು. ಯಜಮಾನರಿಗೆ ನೆತ್ತಿಗೇರಿ ನೀರು ಕೊಡಬೇಕಾಯಿತು.

ಒಂದು ಬೆಳಗ್ಗೆ ನಾನು ‘ಮುಗೀತ್ರಿ’ ಎಂದು ಸೆರಗು ಹೊದ್ದುಕೊಂಡೆ. ಮಾವನವರು ಕಣ್ಣು ತೆರೆದು, ಎಡಗೈಯನ್ನು ಗಲ್ಲದ ಮೇಲೆ ಮೇಲಿಂದ ಕೆಳಕ್ಕೆ, ಕೆಳಗಿಂದ ಮೇಲಕ್ಕೆ ಆಡಿಸಿದರು. ಎಲ್ಲೂ ನಿಲ್ಲಲಿಲ್ಲ. ‘ನನ್ನ ಕೋಲು ಎಲ್ಲದ?’ ಎಂದರು. ಅಷ್ಟೇ. ಬಿಳಿ ಅಂಗಿ ಹಾಕಿಸಿಕೊಂಡು, ಕಾಲೆಳೆಯುತ್ತ, ಅಂಗಳ ದಾಟಿ ಬೀದಿಗೆ ಇಳಿದು ಚಹಾದ ಹೋಟೆಲಿನ ಕಡೆ ಹೊರಟರು. ನಾನು ಕೊತ್ತಂಬರಿ ತರುವ ನೆಪ ಮಾಡಿಕೊಂಡು ಹಿಂದೆ ಹೊರಟೆ. ಬಿದ್ದಾರೆಂಬ ಭಯವಿತ್ತು, ನಿಜ. ಅದಕ್ಕಿಂತ ಹೆಚ್ಚಾಗಿ ಜನ ಆ ಗಲ್ಲ ನೋಡಿ ಏನನ್ನುತ್ತಾರೋ ಕೇಳುವ ಆಸೆ. ಹೋಟೆಲಿನಲ್ಲಿದ್ದವರೆಲ್ಲ ಎದ್ದು ನಿಂತರು, ಕುರ್ಚಿ ಎಳೆದರು. ಎಲ್ಲರೂ ನೋಡಿದ್ದು ಕಾಲು. ‘ಕಾಲು ಚಲೋ ಎತ್ತಾಕತ್ತೀರಿ ಬಿಡ್ರಿ’ ಎಂದು ಒಬ್ಬರು, ‘ಮುಂದಿನ ತಿಂಗಳ ಕೋಲೂ ಬೇಕಾಗಂಗಿಲ್ಲ’ ಎಂದು ಇನ್ನೊಬ್ಬರು. ಕನ್ನಡಿಯಂಥ ಆ ಗಲ್ಲದ ಮೇಲೆ ಒಬ್ಬನ ಕಣ್ಣೂ ಬೀಳಲಿಲ್ಲ. ನಾನು ಬೇಕಿಲ್ಲದ ಕೊತ್ತಂಬರಿ ಹಿಡಿದು ಮನೆಗೆ ಬಂದೆ.

ಈಗ ಅವರು ದಿನವೂ ನಡೆಯುತ್ತಾರೆ, ಕಾಲುವೆಯ ಏರಿಯವರೆಗೂ ಹೋಗಿ ಬರುತ್ತಾರೆ. ಮೊನ್ನೆ ಶರಣಪ್ಪ ಕಾಕಾ ಸುರಪುರದಿಂದ ಮತ್ತೆ ಬಂದಿದ್ದರು. ಮಾವನವರೊಂದಿಗೆ ಮನಸಾರೆ ಹರಟಿ, ಹೊರಡುವಾಗ ನನ್ನ ಹತ್ತಿರ ನಿಂತು, ‘ಆ ಯಾದಗಿರಿ ಡಾಕ್ಟರ್ ಕೈಗುಣ ಭಾರಿ ಅದವಾ. ನಮ್ಮಣ್ಣಂದೂ ಹಿಂಗೇ ಆಗ್ಯಾದ, ಮನಿ ಬಿಟ್ಟು ಹೊರಗ ಬರವೊಲ್ಲ. ದವಾಖಾನಿ ಎಲ್ಲಿ ಬರ್ತದ ಹೇಳು’ ಎಂದರು. ಹೇಳಿದೆ. ಹೇಳಿ ಸುಮ್ಮನಿರಬೇಕಿತ್ತು.

‘ಕಾಕಾರ, ಅವರು ಮೊದ್ಲ ದಿನಾ ದಾಡಿ ಮಾಡ್ಕೊಳ್ಳೋರೇನ್ರಿ?’

‘ಹೌದವಾ, ಮಾಡ್ಕೊಂತಿದ್ದ. ಈಗ ಕೈ ಏಳಂಗಿಲ್ಲ, ಬಿಟ್ಟಾನ. ಯಾಕ?’

‘ಡಾಕ್ಟರ್ ಕಡೆ ಹೋಗೂ ಮುಂಚೆ ಅದೊಂದು ನೋಡ್ರಿ.’

ಕಾಕಾ ನನ್ನನ್ನು ವಿಚಿತ್ರವಾಗಿ ನೋಡಿದರು. ಆಮೇಲೆ ಹೆಗಲ ಟವೆಲ್ ತೆಗೆದು, ಚಹಾ ಏನಾದರೂ ಹತ್ತಿದೆಯೋ ಎಂಬಂತೆ ಬಾಯಿ, ಗಲ್ಲ ಎರಡನ್ನೂ ಒರೆಸಿಕೊಂಡರು. ಆಗಲೇ ನನಗೆ ಹೊಳೆದದ್ದು. ಹಿರಿಯರೆದುರು ನೆಲ ನೋಡಿ ಮಾತಾಡುವ ಸೊಸೆಯೆಂದು ಓಣಿಯಲ್ಲೆಲ್ಲ ಹೆಸರಾದ ನಾನು, ಅಷ್ಟು ಹೊತ್ತೂ ತಲೆ ಎತ್ತಿಕೊಂಡು ಅವರ ಎಡದವಡೆಯನ್ನೇ ದಿಟ್ಟಿಸುತ್ತಿದ್ದೆ. ಕಿವಿಯ ಕೆಳಗೆ, ಕುತ್ತಿಗೆ ತಿರುಗುವಲ್ಲಿ, ಒಂದು ಸಾಲು ಕೂದಲು ಕೆರೆಯದೆ ಬಿಟ್ಟುಹೋಗಿತ್ತು. ಹೇಳಲೋ ಬೇಡವೋ ಎಂದು ಮನಸ್ಸಿನ್ನೂ ಯೋಚಿಸುತ್ತಿತ್ತು. ಕೈ ಮಾತ್ರ ಆಗಲೇ ಸೆರಗಿನಿಂದ ಹೊರಬಂದು, ರೇಜರಿನ ಹಿಡಿಕೆ ಹಿಡಿದವರ ಹಾಗೆ ಬೆರಳು ಜೋಡಿಸಿಕೊಂಡು ಸಿದ್ಧವಾಗಿ ನಿಂತಿತ್ತು.