ಕಾಗೆ ಮುಟ್ಟದ ಉಪ್ಸಾರು

ಗಂಡ ಬೇಡವೆಂದರೆ ಸಹಿಸಬಹುದು, ಮಗಳು ಉಗುಳಿದರೆ ಒರೆಸಬಹುದು. ಕಾಗೆಯೇ ನನ್ನ ಅಡುಗೆಯನ್ನು ತಿರಸ್ಕರಿಸಿದರೆ ಯಾರ ಹತ್ತಿರ ಹೇಳಿಕೊಳ್ಳಲಿ?

ಮಾವ ಬೀರಯ್ಯನವರು ತೀರಿಕೊಂಡ ಮೂರನೆಯ ದಿನ, ಹಾಲುತುಪ್ಪದ ಶಾಸ್ತ್ರ. ಗುಂಡ್ಲುಪೇಟೆಯ ಅಂಚಿನ ನಮ್ಮ ಹೊಲದಲ್ಲೇ ಅವರನ್ನು ಮಣ್ಣು ಮಾಡಿದ್ದೆವು. ಅವರಿಗೆ ಇಷ್ಟವಾದದ್ದನ್ನು ಆ ಗುಡ್ಡೆಯ ಮುಂದೆ ಎಡೆ ಇಡಬೇಕು. ಕಾಗೆ ಮುಟ್ಟಿದರೆ ಹೋದವರಿಗೆ ತೃಪ್ತಿ. ಮುಟ್ಟುವ ತನಕ ಮನೆಯವರು ಬಾಯಿಗೆ ಏನೂ ಹಾಕುವಂತಿಲ್ಲ. ಅತ್ತೆ ಪುಟ್ಟಸಿದ್ದಮ್ಮನವರಂತೂ ಅವರು ಹೋದ ಗಳಿಗೆಯಿಂದ ನೀರು ಬಿಟ್ಟು ಬೇರೇನೂ ಮುಟ್ಟಿರಲಿಲ್ಲ. ಕಣ್ಣು ಗುಳಿಬಿದ್ದಿದ್ದವು. ಕಾಗೆ ತಿಂದ ಮೇಲೆ ತಿನ್ನುತ್ತೇನೆ ಎಂದಿದ್ದರು.

ಮಾವನ ತಂಗಿ ಮೂಗಮ್ಮ ಕಜ್ಜಾಯಕ್ಕೆ ಬೆಲ್ಲ ಕುಟ್ಟಲು ಕೂತರು. ನಾನು ತಡೆದೆ. "ಮಾವಂಗೆ ನನ್ನ ಉಪ್ಸಾರು, ಮುದ್ದೆ ಅಂದ್ರೆ ಪ್ರಾಣ. ಅದನ್ನೇ ಇಡೋಣ."

ಇದು ಜಂಬವಲ್ಲ (ಸ್ವಲ್ಪ ಜಂಬವೇ). ತಾಯಿಯಿಲ್ಲದ ಮನೆಯಲ್ಲಿ ಬೆಳೆದ ನನಗೆ ಅಡುಗೆ ಕಲಿಸಿದವರಿಲ್ಲ; ಸೀದ ಪಾತ್ರೆಗಳೇ ನನ್ನ ವಿಶ್ವವಿದ್ಯಾಲಯ. ಹುರುಳಿಕಟ್ಟು ಯಾವಾಗ ಬಸಿಯಬೇಕು, ಮೆಣಸಿನಕಾಯಿ ಕೆಂಡದಲ್ಲಿ ಎಷ್ಟು ಕಪ್ಪಾಗಬೇಕು, ಎಲ್ಲವನ್ನೂ ಮೂಗಿನಿಂದಲೇ ಕಂಡುಕೊಂಡೆ. ಎಂಥ ದುಃಖವಿದ್ದರೂ ಎಸರು ಕುದಿಯುವ ಸದ್ದು ಕೇಳಿದರೆ ಮನಸ್ಸು ತಣ್ಣಗಾಗುತ್ತದೆ. ಮಾವ ಪ್ರತಿ ರಾತ್ರಿ ತಟ್ಟೆ ತೊಳೆದಿಟ್ಟಂತೆ ಉಂಡು, "ಬೋ ಪಸಂದಾಗದೆ ಕಣವ್ವ" ಎನ್ನುತ್ತಿದ್ದರು. ನನ್ನ ಪಾಕಸಾಮ್ರಾಜ್ಯದ ಏಕೈಕ ಪ್ರಜೆ!

ಎಡೆಯಿಟ್ಟು ಹೊಂಗೆಮರದಡಿ ಕೂತೆವು. ಕಾಗೆಯೊಂದು ಬಂತು. ಮುದ್ದೆಯನ್ನು ಒಂದು ಕಣ್ಣಿಂದ ನೋಡಿತು, ಕತ್ತು ತಿರುಗಿಸಿ ಇನ್ನೊಂದು ಕಣ್ಣಿಂದ ನೋಡಿತು, ಹಾರಿಹೋಯಿತು.

"ಅಣ್ಣಂಗೆ ಏನೋ ಆಸೆ ಉಳ್ಕಬುಟ್ಟದೆ," ಎಂದರು ಮೂಗಮ್ಮ. "ಕಜ್ಜಾಯ ಬ್ಯಾಡ ಅಂದ್ಬುಟ್ಳಲ್ಲ ಮಾರಾಯ್ತಿ!"

ನನ್ನ ಗಂಡ ಸುಧಾಕರ್ ಕೈಮುಗಿದರು. "ಅಪ್ಪಾ, ಅವ್ವನ್ನ ನಾನು ನೋಡ್ಕತೀನಿ, ಬಂದು ತಿನ್ನು." ಬರಲಿಲ್ಲ. ಮೊಮ್ಮಗಳನ್ನು ಚೆನ್ನಾಗಿ ಓದಿಸುತ್ತೇನೆಂದು ನಾನೂ ಮಾತು ಕೊಟ್ಟೆ. ಕಾಗೆಗೆ ಶಿಕ್ಷಣದಲ್ಲಿ ಆಸಕ್ತಿಯಿರಲಿಲ್ಲ.

ಬಿಸಿಲೇರಿತು. ಮರಕ್ಕೆ ಒರಗಿದ್ದ ಅತ್ತೆ ಪಕ್ಕಕ್ಕೆ ವಾಲಿದರು. ಹಿಡಿದುಕೊಂಡೆ. ಒಣಸೌದೆಯಷ್ಟು ಹಗುರ. ನನ್ನ ಹಠಕ್ಕೆ ಇವರೂ ಹೋಗಿಬಿಟ್ಟರೆ ಎಂದು ಸೆರಗಿನಿಂದ ಗಾಳಿ ಹಾಕತೊಡಗಿದೆ.

ಅತ್ತೆ ಕಣ್ಣು ತೆರೆಯದೆಯೇ ಹೇಳಿದರು: "ಸುಧಾ, ಬಸ್‌ಸ್ಟ್ಯಾಂಡ್‌ಗೆ ಓಗ್ಲಾ. ಆ ಕೇರಳದ ಕಾಕನ ಅಂಗಡೀಲಿ ಪರೋಟ ತಕಬಾ."

"ಪರೋಟ?" ಎಂದೆ.

"ನಿಮ್ಮಾವ ದಿನಾ ಸಂಜೆ ವಾಕಿಂಗು ಅಂತ ಎಲ್ಗೋಯ್ತಿತ್ತು ಅನ್ಕಂಡಿದ್ದೆ?"

"ಸಕ್ಕರೆ ಕಾಯಿಲೆಗೆ ನಡೀಬೇಕು ಅಂತ ಡಾಕ್ಟರು ಹೇಳಿದ್ರಲ್ಲ ಅತ್ತೆ!"

"ನಡ್ಕಂಡೇ ಓಯ್ತಿತ್ತು ಕಣಮ್ಮಿ."

ಗಂಡನ ಕಡೆ ತಿರುಗಿದೆ. ಅವರು ಆಗಲೇ ಬೈಕಿಗೆ ಕಿಕ್ ಹೊಡೆಯುತ್ತಿದ್ದರು. ಯಾವ ಅಂಗಡಿಯೆಂದು ಕೇಳಲೂ ಇಲ್ಲ.

"ಮತ್ತೆ ರಾತ್ರಿ ನನ್ನ ಮುದ್ದೆ?"

"ನಿಂಗೆ ಬೇಜಾರಾಯ್ತದೆ ಅಂತ ಅದನ್ನೂ ಉಣ್ತಿತ್ತು. ಆಮೇಲೆ ಒಟ್ಟೆ ಇಡ್ಕಂಡು ಒದ್ದಾಡದು."

ಮೂಗಮ್ಮ ಮೊದಲ ಸಲ ನನ್ನನ್ನು ಕರುಣೆಯಿಂದ ನೋಡಿದರು. ಬೈಗುಳವೇ ವಾಸಿಯಿತ್ತು.

ಸುಧಾಕರ್ ಪೊಟ್ಟಣ ತಂದು, ಒಂದು ಪರೋಟವನ್ನು ಎಲೆಯ ಮೇಲಿಟ್ಟು ಕೈ ತೆಗೆಯುವಷ್ಟರಲ್ಲಿ ಕಾಗೆ ಇಳಿಯಿತು. ಒಂದಲ್ಲ, ಸಕುಟುಂಬ ಸಪರಿವಾರ. ನನ್ನ ಉಪ್ಸಾರನ್ನು ತುಳಿದುಕೊಂಡೇ ಪರೋಟ ಎಳೆದಾಡಿದವು.

ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತರು. ಬಹಳ ಹೊತ್ತು ಅತ್ತರು. ಆಮೇಲೆ ಪೊಟ್ಟಣದಲ್ಲಿ ಉಳಿದದ್ದನ್ನು ಹರಿದು ಒಂದು ತುಂಡು ಬಾಯಿಗಿಟ್ಟುಕೊಂಡರು. ಅಗಿದರು, ನುಂಗಿದರು. ನನಗೆ ಉಸಿರು ಬಂತು. ಅರ್ಧವನ್ನು ನನ್ನ ಮುಂದೆ ಹಿಡಿದರು.

"ನಂಗೆ ಬೇಡ," ಎಂದೆ, ಸಾಮ್ರಾಜ್ಞಿಯ ಠೀವಿಯಿಂದ.

"ತಿನ್ನಮ್ಮಿ. ಕೂಸಿಗೆ ಆಲು ಕುಡಿಸೋಳು."

ಅಳುತ್ತಲೇ ತಿಂದೆ. ಯಾರಿಗೂ ಹೇಳಬೇಡಿ: ಪದರಪದರವಾಗಿ, ಅಂಚು ಗರಿಗರಿಯಾಗಿ, ತುಂಬಾ ಚೆನ್ನಾಗಿತ್ತು. ಇನ್ನೊಂದು ಇದೆಯೇ ಎಂದು ಕೇಳಿದವಳೂ ನಾನೇ.